ಪದಚರ್ಚೆ: ‘ಮಣ್ಣಿನಲ್ಲಿ ಕರಗುವ’ ಪ್ಯಾಕಿಂಗ್ – ಕರಗು, ಪುಡಿಯಾಗು, ಕೊಳೆ, ಕಳಿ

ಗೆಳೆಯರೇ, ನಮಸ್ಕಾರ.

ಹೊಟ್ಟು, ಸಿಪ್ಪೆ, ಕಡಲಪಾಚಿ ಇಂಥವುಗಳಿಂದ ಮಾಡುವ ಪ್ಯಾಕಿಂಗ್ ಸಾಮಾನುಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ವಿಷಯ ಅಷ್ಟೇನೂ ಕಷ್ಟದ್ದಲ್ಲ. ತೊಡಕಾಗಿರುವುದು ಒಂದು ಕ್ರಿಯಾಪದ. ಬಳಸಿ ಬಿಸಾಡಿದ ಮೇಲೆ ಇವು ಏನಾಗುತ್ತವೆ? ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ‘ಮಣ್ಣಿನಲ್ಲಿ ಕರಗುತ್ತವೆ’ ಎಂದಿರುತ್ತದೆ. ಸರ್ಕಾರಿ ಕನ್ನಡದಲ್ಲಿ ‘ಜೈವಿಕ ವಿಘಟನೆ ಹೊಂದುತ್ತವೆ’. ಎರಡನೆಯದನ್ನು ಓದಿದ ಹುಡುಗನ ಕಣ್ಣಿಗೆ ಏನೂ ಕಾಣುವುದಿಲ್ಲ. ಮೊದಲನೆಯದನ್ನು ಓದಿದರೆ ಇಲ್ಲದ್ದು ಕಾಣುತ್ತದೆ.

ಉಪ್ಪು ನೀರಿನಲ್ಲಿ ಕರಗುತ್ತದೆ. ನೀರು ಆರಿದರೆ ಉಪ್ಪು ಮತ್ತೆ ಸಿಗುತ್ತದೆ. ಮೇಣ ಬಿಸಿಗೆ ಕರಗುತ್ತದೆ, ತಣ್ಣಗಾದರೆ ಮತ್ತೆ ಗಟ್ಟಿಯಾಗುತ್ತದೆ. ಕರಗಿದ್ದು ಹೋಗಿಲ್ಲ, ಅಲ್ಲೇ ಇದೆ. ಆದರೆ ಕಬ್ಬಿನ ಸಿಪ್ಪೆಯ ತಟ್ಟೆ ಮಣ್ಣಿನಲ್ಲಿ ಕಾಣದಂತಾಗುವುದು ಹೀಗಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ತಿನ್ನುತ್ತವೆ. ಒಂದು ಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ, ಇನ್ನೊಂದು ಪಾಲು ಅವುಗಳ ಮೈ ಸೇರುತ್ತದೆ. ಆಮೇಲೆ ತಟ್ಟೆ ಎಂಬುದು ಎಲ್ಲೂ ಇಲ್ಲ.

ನಿಜವಾಗಿ ಕರಗುವ ಪ್ಯಾಕಿಂಗೂ ಇದೆ ಎನ್ನುವುದು ಇನ್ನೊಂದು ಕಾರಣ. ಪೆಟ್ಟಿಗೆಯೊಳಗೆ ಸಾಮಾನು ಅಲುಗಾಡದಂತೆ ತುಂಬುವ ಪಿಷ್ಟದ ಹಗುರ ಉಂಡೆಗಳನ್ನು ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಗಂಜಿಯಾಗುತ್ತವೆ. ಬಟ್ಟೆ ತೊಳೆಯುವ ದ್ರವದ ಪುಟ್ಟ ಪೊಟ್ಟಣಗಳ ಹೊದಿಕೆ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪ್ಲಾಸ್ಟಿಕ್. ಅದೂ ಕರಗುತ್ತದೆ. ‘ಕರಗು’ ಪದವನ್ನು ಇವುಗಳಿಗೇ ಬಿಟ್ಟುಕೊಡೋಣ ಎನ್ನುವುದು ನನ್ನ ಆಸೆ.

ಎರಡನೆಯದು ‘ಪುಡಿಯಾಗು’. ಮಾಮೂಲಿ ಪಾಲಿಥೀನ್‌ಗೆ ಕೆಲವು ಲೋಹದ ಲವಣಗಳನ್ನು ಸೇರಿಸಿದರೆ ಬಿಸಿಲು ಮತ್ತು ಗಾಳಿಗೆ ಅದು ಬೇಗ ಚೂರುಚೂರಾಗುತ್ತದೆ. ಆಕ್ಸೊ ಪ್ಲಾಸ್ಟಿಕ್ ಎಂದು ಕರೆಯುವುದು ಇದನ್ನೇ. ಬರಿಗಣ್ಣಿಗೆ ಚೀಲ ಮಾಯ, ಆದರೆ ಪ್ಲಾಸ್ಟಿಕ್ ಪುಡಿ ಮಣ್ಣಲ್ಲೇ ಇರುತ್ತದೆ. ಯುರೋಪಿಯನ್ ಒಕ್ಕೂಟ 2019ರ ತನ್ನ ನಿರ್ದೇಶನದಲ್ಲಿ ಇದನ್ನು ನಿಷೇಧಿಸಿತು, 2021ರ ಜುಲೈಯಿಂದ ಅದು ಜಾರಿಗೆ ಬಂತು. ಇದಕ್ಕೂ ‘ಕರಗುವ ಚೀಲ’, ಸಿಪ್ಪೆಯ ತಟ್ಟೆಗೂ ‘ಕರಗುವ ತಟ್ಟೆ’ ಅಂದರೆ ಓದುವವರಿಗೆ ಮೋಸ ಮಾಡಿದ ಹಾಗೆ, ಅಲ್ವಾ?

ಮೂರನೆಯದು ‘ಕೊಳೆ’. ‘ಜೈವಿಕ ವಿಘಟನೆ’ಗೆ ಇದೇ ಸಾಕು ಅನ್ನಿಸುತ್ತದೆ. ಮಕ್ಕಳಿಗೂ ಗೊತ್ತಿರುವ ಪದ. ‘ಕೊಳೆಯುವ’, ‘ಕೊಳೆಯದ’ ಎಂದು ಎರಡೂ ಸಲೀಸಾಗಿ ಬರುತ್ತವೆ. ಆದರೆ ಎಷ್ಟು ದಿನದಲ್ಲಿ, ಎಲ್ಲಿ, ಕೊಳೆತು ಏನಾಗುತ್ತದೆ ಎಂಬುದನ್ನು ಇದು ಹೇಳುವುದಿಲ್ಲ. ಮರದ ದಿಮ್ಮಿಯೂ ಕೊಳೆಯುತ್ತದೆ, ವರ್ಷಗಟ್ಟಲೆ.

ಹೊತ್ತು, ಜಾಗ, ಫಲ ಮೂರನ್ನೂ ಸೇರಿಸಿ ಹೇಳಬೇಕಾದಾಗ ‘ಕಾಂಪೋಸ್ಟ್ ಆಗುವ’ ಎನ್ನುತ್ತಾರೆ. ಯುರೋಪಿನ ಇಎನ್ 13432 ಮಾನಕದಲ್ಲಿ ಇದಕ್ಕೆ ಪರೀಕ್ಷೆಯೇ ಇದೆ. 12 ವಾರ ಗೊಬ್ಬರದ ರಾಶಿಯಲ್ಲಿಟ್ಟು, ಆಮೇಲೆ 2 ಮಿಲಿಮೀಟರ್ ಜರಡಿಯಲ್ಲಿ ಹಿಡಿಯಬೇಕು. ಜರಡಿಯ ಮೇಲೆ ಶೇ 10ಕ್ಕಿಂತ ಜಾಸ್ತಿ ಉಳಿಯಬಾರದು. 6 ತಿಂಗಳೊಳಗೆ ಶೇ 90ರಷ್ಟನ್ನು ಸೂಕ್ಷ್ಮಜೀವಿಗಳು ಅರಗಿಸಿಕೊಂಡಿರಬೇಕು. ಹುಟ್ಟಿದ ಗೊಬ್ಬರದಲ್ಲಿ ಗಿಡ ಚೆನ್ನಾಗಿ ಬೆಳೆಯಬೇಕು. ಇಷ್ಟು ಕಟ್ಟುನಿಟ್ಟಾದ ಅರ್ಥಕ್ಕೆ ಕನ್ನಡದಲ್ಲಿ ಪದ ಇದೆಯಾ?

ಇದೆ ಎನ್ನುವುದು ನನ್ನ ನಂಬಿಕೆ. ‘ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ’ ಎಂದು ಕೃಷಿ ಬರಹಗಳಲ್ಲಿ ಇವತ್ತಿಗೂ ಬರೆಯುತ್ತಾರೆ. ಕೊಳೆತ ಗೊಬ್ಬರ ಬೇರೆ, ಕಳಿತ ಗೊಬ್ಬರ ಬೇರೆ. ಕಳಿತದ್ದಕ್ಕೆ ನಾತ ಇರುವುದಿಲ್ಲ, ಒಳಗಿನ ಬಿಸಿ ಆರಿರುತ್ತದೆ, ಕೈಯಲ್ಲಿ ಹಿಡಿದರೆ ಉದುರುದುರಾಗಿರುತ್ತದೆ. ಹಣ್ಣಿನ ವಿಷಯದಲ್ಲೂ ಕಳಿಯುವುದೆಂದರೆ ಪೂರ್ತಿ ಮಾಗುವುದು. ಮಾನಕ ಕೇಳುತ್ತಿರುವುದು ಇದನ್ನೇ. ಆದ್ದರಿಂದ ‘ಕಳಿಯುವ ಪ್ಯಾಕಿಂಗ್’, ‘ಕಳಿಯದ ಪ್ಯಾಕಿಂಗ್’ ಎಂದು ಬರೆಯಬಹುದಾ?

ಇಲ್ಲೊಂದು ಕವಲಿದೆ. ಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ, ಲ್ಯಾಕ್ಟಿಕ್ ಆಮ್ಲ ಪಡೆದು ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ತಣ್ಣಗಿನ ತಿಪ್ಪೆಯಲ್ಲಿ ಬೇಗ ಕಳಿಯುವುದಿಲ್ಲ. ಹೆಚ್ಚುಕಡಿಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದಕ್ಕಿಂತ ಕೆಳಗೆ ಅದರ ಅಣುಸರಪಳಿಗಳು ಬಿಗಿಯಾಗಿ ಕೂತಿರುತ್ತವೆ. ಬಿಸಿ ಏರಿ ಅವು ಸಡಿಲವಾದರೆ ನೀರು ಒಳಹೊಕ್ಕು ತುಂಡರಿಸುತ್ತದೆ. ತುಂಡು ಸಣ್ಣದಾದ ಮೇಲೆಯೇ ಸೂಕ್ಷ್ಮಜೀವಿಗಳಿಗೆ ಊಟ. ಹಾಗಾಗಿ ‘ತಿಪ್ಪೆಯಲ್ಲಿ ಕಳಿಯುವ’ ಮತ್ತು ‘ಬಿಸಿರಾಶಿಯಲ್ಲಿ ಕಳಿಯುವ’ ಎಂದು ಬೇರೆ ಮಾಡಿದ್ದೇನೆ. ‘ಬಿಸಿರಾಶಿ’ ನಾನೇ ಕಟ್ಟಿದ ಪದ, ಅಷ್ಟು ಬಿಸಿ ಇರುವ ಗೊಬ್ಬರದ ರಾಶಿ ಎಂಬ ಅರ್ಥದಲ್ಲಿ. ಇದಕ್ಕಿಂತ ಒಳ್ಳೆಯದು ತೋಚಿದರೆ ದಯವಿಟ್ಟು ತಿಳಿಸಿ.

‘ಜೈವಿಕ ಪ್ಲಾಸ್ಟಿಕ್’ ಬಗ್ಗೆಯೂ ಒಂದು ಮಾತು. ಇದು ಯಾವುದರಿಂದ ಮಾಡಿದ್ದು ಎಂಬುದನ್ನು ಹೇಳುತ್ತದಾ, ಕೊನೆಗೆ ಏನಾಗುತ್ತದೆ ಎಂಬುದನ್ನಾ? ಕಬ್ಬಿನ ಆಲ್ಕೊಹಾಲಿನಿಂದ ಮಾಡಿದ ಪಾಲಿಥೀನ್ ಗಿಡದ್ದೇ, ಆದರೆ ಕೊಳೆಯುವುದಿಲ್ಲ. ಪಿಬಿಎಟಿ ಎಂಬ ಪ್ಲಾಸ್ಟಿಕ್ ಹೆಚ್ಚಾಗಿ ಕಲ್ಲೆಣ್ಣೆಯಿಂದ ಬರುವಂಥದ್ದು, ಆದರೂ ಕಳಿಯುತ್ತದೆ. ಈ ಹೆಸರನ್ನೇ ಬಿಟ್ಟು ‘ಗಿಡಮೂಲದ’, ‘ಕಳಿಯುವ’ ಎಂದು ಎರಡಾಗಿ ಹೇಳುತ್ತಿದ್ದೇನೆ.

‘ಕೃಷಿ ತ್ಯಾಜ್ಯ’ವನ್ನೂ ಕಡಿಮೆ ಮಾಡಿದ್ದೇನೆ. ಹೊಟ್ಟು, ದಂಟು, ನಾರು, ಸಿಪ್ಪೆ, ರಚ್ಚು ಎಂದು ಪ್ರತಿಯೊಂದಕ್ಕೂ ಹೆಸರಿರುವಾಗ ಎಲ್ಲವನ್ನೂ ತ್ಯಾಜ್ಯ ಎನ್ನುವುದು ಯಾಕೆ?

ಇನ್ನು ಅಣಬೆ. ಥರ್ಮೋಕೋಲ್ ಬದಲು ಬಳಸುವ ಒಂದು ವಸ್ತುವನ್ನು ಬೆಳೆಸಿಯೇ ಮಾಡುತ್ತಾರೆ. ಶುಚಿ ಮಾಡಿದ ಹೊಟ್ಟು, ದಂಟಿನ ಚೂರುಗಳಿಗೆ ಶಿಲೀಂಧ್ರ ಬೆರೆಸಿ ಅಚ್ಚಿಗೆ ತುಂಬುತ್ತಾರೆ. ಕೆಲವೇ ದಿನಗಳಲ್ಲಿ ಬಿಳಿ ಎಳೆಗಳು ಚೂರುಗಳ ನಡುವೆ ಹರಡಿ, ಅಂಟಿಲ್ಲದೆ ಎಲ್ಲವನ್ನೂ ಹೆಣೆದುಬಿಡುತ್ತವೆ. ಅಚ್ಚಿನಿಂದ ತೆಗೆದು ಬಿಸಿಯಲ್ಲಿ ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆ. 2007ರಲ್ಲಿ ಶುರುವಾದ ಅಮೆರಿಕದ ಇಕೊವೇಟಿವ್ ಕಂಪನಿ ಈ ದಾರಿ ಹಿಡಿದ ಮೊದಲಿಗರಲ್ಲಿ ಒಂದು. ಆ ಎಳೆಗಳಿಗೆ ಪಠ್ಯದ ಪದ ‘ಕವಕಜಾಲ’. ಕೆಲವರು ‘ಅಣಬೆಯ ಬೇರು’ ಎನ್ನುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ಎಳೆಗಳೇ ಆ ಜೀವಿಯ ಮೈ. ನಾವು ನೋಡುವ ಕೊಡೆ ಅದರ ಫಲ. ‘ಅಣಬೆ ಎಳೆ’ ಎಂದರೆ ಎಳೆಯ ಅಣಬೆ ಎಂದು ಯಾರಾದರೂ ತಿಳಿದಾರಾ? ‘ಅಣಬೆನೂಲು’ ಹೇಗೆ?

ಕೊನೆಯದಾಗಿ, ‘ಕಳಿ’ಯ ಬಗ್ಗೆ ನನಗೆ ಬಿಡಿಸಲಾಗದ ಒಂದು ಗಂಟು. ಕೊಳೆಗೆ ‘ಕೊಳೆಸು’ ಇರುವಂತೆ ಇದಕ್ಕೆ ‘ಕಳಿಸು’ ಆಗಬೇಕು. ಆದರೆ ‘ಪ್ಯಾಕಿಂಗನ್ನು ಕಳಿಸಿ’ ಅಂದರೆ ಎಲ್ಲರೂ ರವಾನಿಸಿ ಎಂದೇ ತಿಳಿಯುತ್ತಾರೆ. ‘ಕಳಿಯಲು ಬಿಡಿ’, ‘ಕಳಿಯಲು ಹಾಕಿ’ ಎಂದು ಸುತ್ತುಬಳಸಿ ಬರೆಯುತ್ತಿದ್ದೇನೆ. ಗೊಬ್ಬರ ಮಾಡುವವರು ತಮ್ಮ ಮಾತಿನಲ್ಲಿ ಇಲ್ಲಿ ಯಾವ ಕ್ರಿಯಾಪದ ಬಳಸುತ್ತಾರೆ? ಕೇಳಿದ ನೆನಪಿರುವವರು ವಾಕ್ಯದ ಸಮೇತ ಬರೆದರೆ ತುಂಬಾ ಉಪಕಾರ.