‘ಬಿಳಿಯಾದ’, ‘ಬಿಳಿಯನಾದ’, ‘ಬಿಳಿ ಮಾಡಿಸಿಕೊಂಡ’: ಮೈಕೆಲ್ ಜಾಕ್ಸನ್‌ಗೆ ಯಾವುದು ಹೊಂದುತ್ತದೆ?

ಗೆಳೆಯರಿಗೆ ನಮಸ್ಕಾರ.

ಒಂದು ವಾಕ್ಯದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಮೈಕೆಲ್ ಜಾಕ್ಸನ್ ಅಭಿಮಾನಿಗಳಾದ ನಾವು ಕೆಲವರು ಸೇರಿ ಅವನ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಪುಸ್ತಿಕೆ ಮಾಡುತ್ತಿದ್ದೇವೆ. ಹಾಡು, ಕುಣಿತದ ಭಾಗ ಸಲೀಸಾಗಿ ಮುಗಿಯಿತು. ಮೈಬಣ್ಣದ ಭಾಗಕ್ಕೆ ಬಂದ ಕೂಡಲೇ ಜಗಳ ಶುರುವಾಯಿತು. ಕರಡಿನಲ್ಲಿದ್ದ ವಾಕ್ಯ ಇದು: ‘ಕಪ್ಪಗಿದ್ದ ಜಾಕ್ಸನ್ ಆಮೇಲೆ ಬಿಳಿಯನಾದ.’ ಒಬ್ಬರು ಅದನ್ನು ‘ಬಿಳಿಯಾದ’ ಎಂದು ತಿದ್ದಿದರು. ಇನ್ನೊಬ್ಬರು ಅದನ್ನೂ ಹೊಡೆದು ಹಾಕಿ ‘ಬಿಳಿ ಮಾಡಿಸಿಕೊಂಡ’ ಎಂದು ಬರೆದರು. ಎಲ್ಲಾ ಒಂದೇ ಅಲ್ವಾ, ಸುಮ್ನೆ ಯಾಕೆ ಗುದ್ದಾಟ ಅಂದವರೂ ಇದ್ದಾರೆ. ನನಗೆ ಮೂರೂ ಬೇರೆ ಬೇರೆ ಅನ್ನಿಸುತ್ತದೆ. ಮೂರರಲ್ಲಿ ಯಾವುದೂ ಅವನಿಗೆ ಸರಿಹೊಂದುವುದಿಲ್ಲ ಅಂತಲೂ ಅನ್ನಿಸುತ್ತದೆ.

‘ಬಿಳಿಯಾದ’ ಅಂದರೆ ಬಣ್ಣ ಬದಲಾಯಿತು, ಅಷ್ಟೇ. ಯಾಕೆ ಆಯಿತು, ಯಾರು ಮಾಡಿದರು ಎಂಬ ಮಾತು ಅದರಲ್ಲಿಲ್ಲ. ನಡುವೆ ಒಂದು ‘ನ’ ಸೇರಿ ‘ಬಿಳಿಯನಾದ’ ಎಂದಾದರೆ ಬಣ್ಣದ ಜೊತೆ ಜನಾಂಗವೂ ಬದಲಾಗಿಬಿಡುತ್ತದೆ. ‘ಬಿಳಿಯ’ ಅಂದರೆ ನಮ್ಮ ಕಿವಿಗೆ ಯುರೋಪಿನವನು, ಆಳಿದವನು. ಇನ್ನು ‘ಮಾಡಿಸಿಕೊಂಡ’. ಇದರಲ್ಲಿ ‘ಇಸು’ ಇದೆ, ‘ಕೊಳ್ಳು’ ಇದೆ. ಬೇರೆಯವರ ಕೈಯಿಂದ ಮಾಡಿಸಿದ, ತನಗೋಸ್ಕರ ಮಾಡಿಸಿದ. ಬಟ್ಟೆ ಹೊಲಿಸಿಕೊಂಡ, ಮನೆ ಕಟ್ಟಿಸಿಕೊಂಡ ಅಂದ ಹಾಗೆ. ಇಷ್ಟು ಚಿಕ್ಕ ಬಾಲದಲ್ಲಿ ಒಂದು ದೊಡ್ಡ ಆರೋಪ ಕೂತಿದೆ: ದುಡ್ಡಿತ್ತು, ಆಸೆಯಿತ್ತು, ತನ್ನವರಿಂದ ದೂರ ಹೋಗಲು ಬಣ್ಣ ಬದಲಿಸಿದ.

ಅವನ ಜೀವಮಾನದುದ್ದಕ್ಕೂ ಪತ್ರಿಕೆಗಳು ಹೇಳಿಕೊಂಡು ಬಂದದ್ದು ಈ ಆರೋಪವನ್ನೇ. ನಡೆದದ್ದು ಬೇರೆ. ಎಂಬತ್ತರ ದಶಕದಲ್ಲೇ ಅವನಿಗೆ ವಿಟಿಲಿಗೊ ಇರುವುದನ್ನು ಚರ್ಮದ ವೈದ್ಯರು ಗುರುತಿಸಿದ್ದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಅದು. ಮೊದಲು ಬಿಳಿ ಮಚ್ಚೆಗಳ ಮೇಲೆ ಕಪ್ಪು ಮೇಕಪ್ ಹಚ್ಚಿ ಮುಚ್ಚುತ್ತಿದ್ದ. ಮಚ್ಚೆ ಹರಡಿ ಹರಡಿ, ಉಳಿದ ಕಪ್ಪಿಗಿಂತ ಬಿಳಿಯೇ ಜಾಸ್ತಿಯಾದಾಗ ಲೆಕ್ಕ ತಿರುಗಿತು. ತಿಳಿ ಬಣ್ಣದ ಮೇಕಪ್ ಬಂತು. ಉಳಿದ ಬಣ್ಣವನ್ನೂ ತೆಗೆಯುವ ಮುಲಾಮು ಬಂತು. ಮೈಯ ಬಹುಪಾಲು ಬೆಳ್ಳಗಾದವರಿಗೆ ವೈದ್ಯರು ಕೊಡುವ ಮೊನೊಬೆಂಜೋನ್ ಎಂಬ ಔಷಧಿ ಅದು. 1993ರ ಫೆಬ್ರವರಿ 10ರಂದು ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಎದುರು ಕೂತು, ಕೋಟಿಗಟ್ಟಲೆ ಜನ ನೋಡುತ್ತಿದ್ದಾಗ, ತನಗೆ ಚರ್ಮದ ಕಾಯಿಲೆ ಇದೆ, ಅದು ತನ್ನ ಹಿಡಿತದಲ್ಲಿಲ್ಲ, ತಂದೆಯ ಕಡೆಯವರಲ್ಲೂ ಇದೆ ಎಂದು ಹೇಳಿದ. ತಾನು ಕಪ್ಪು ಅಮೆರಿಕನ್, ಅದರ ಬಗ್ಗೆ ಹೆಮ್ಮೆಯಿದೆ ಎಂದೂ ಹೇಳಿದ. ನಂಬಿದವರಿಗಿಂತ ನಕ್ಕವರೇ ಹೆಚ್ಚು. 2009ರ ಜೂನ್ 25ರಂದು ಅವನು ಸತ್ತ ಮೇಲೆ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ವಿಟಿಲಿಗೊ ಎಂದು ಸ್ಪಷ್ಟವಾಗಿ ಬರೆದಿತ್ತು.

ಹೀಗಿರುವಾಗ ಯಾವ ಕ್ರಿಯಾಪದ? ‘ಬಿಳಿಯಾದ’ ಅಂದರೆ ಮುಲಾಮಿನ ವಿಷಯ ಬಿಟ್ಟುಹೋಗುತ್ತದೆ. ‘ಮಾಡಿಸಿಕೊಂಡ’ ಅಂದರೆ ಕಾಯಿಲೆಯೇ ಬಿಟ್ಟುಹೋಗುತ್ತದೆ. ನನ್ನ ಸಲಹೆ ಇದು: ಕರ್ತೃಪದದ ಜಾಗಕ್ಕೆ ಅವನ ಬದಲು ಅವನ ಚರ್ಮವನ್ನು ತರೋಣ. ‘ಕಾಯಿಲೆ ಹರಡಿ ಮೈಯ ಬಣ್ಣ ಹೋಯಿತು, ಅಲ್ಲಲ್ಲಿ ಉಳಿದ ಕಪ್ಪನ್ನು ಔಷಧಿ ಹಚ್ಚಿ ತೆಗೆದ.’ ಸ್ವಲ್ಪ ಉದ್ದ, ಒಪ್ಪುತ್ತೇನೆ. ಆದರೆ ಎರಡು ಸಂಗತಿಗೆ ಎರಡು ಕ್ರಿಯಾಪದ ಬೇಕೇ ಬೇಕು.

‘ಮಾಡಿಸಿಕೊಂಡ’ವನ್ನು ಪುಸ್ತಿಕೆಯಿಂದ ಪೂರ್ತಿ ಓಡಿಸಬೇಕು ಎಂದು ಹಟ ಹಿಡಿದವರೂ ನಮ್ಮಲ್ಲಿದ್ದಾರೆ. ಅದು ಅತಿಯಾಯಿತು. ಮೂಗಿಗೆ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ, ಗಲ್ಲದಲ್ಲಿ ಕುಳಿ ಮಾಡಿಸಿಕೊಂಡೆ ಎಂದು ಅವನೇ 1988ರ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಅಲ್ಲಿ ಆ ಪದ ಸರಿಯಾಗೇ ಕೂರುತ್ತದೆ. ಅಭಿಮಾನ ಇದೆ ಅಂತ ಮೂಗನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆಯಲಾಗದು.

‘ಬೆಳ್ಳಗಾದ’ ಎಂದು ಬರೆದರೆ ಹೇಗೆ ಎಂಬ ಸಲಹೆಯೂ ಬಂತು. ನನಗೆ ಅದು ಇನ್ನೂ ಕಷ್ಟ. ನಮ್ಮಲ್ಲಿ ‘ಬೆಳ್ಳಗೆ’ ಅಂದರೆ ಹೊಗಳಿಕೆ. ಹೆಣ್ಣು ನೋಡಿ ಬಂದವರು ಮೊದಲು ಹೇಳುವುದೇ ‘ಬೆಳ್ಳಗಿದ್ದಾಳೆ’ ಅಂತ. ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದದ್ದು 2020ರಲ್ಲಿ, ಅದೂ ಅಮೆರಿಕದಲ್ಲಿ ಕಪ್ಪು ಜನರ ಪ್ರತಿಭಟನೆ ಜೋರಾಗಿದ್ದ ಹೊತ್ತಿನಲ್ಲಿ. ಜಾಕ್ಸನ್ ಆಸೆಪಟ್ಟು ಬಣ್ಣ ಬದಲಿಸಿದ ಎಂಬ ಕಥೆಯನ್ನು ನಾವು ಅಷ್ಟು ಸುಲಭವಾಗಿ ನಂಬಿದ್ದಕ್ಕೆ ನಮ್ಮ ಮನೆಯ ಕನ್ನಡಿಯೂ ಒಂದು ಕಾರಣ ಎಂದು ನನ್ನ ಗುಮಾನಿ. ನಮಗೆ ಆ ಆಸೆ ಇತ್ತು, ಅವನಿಗೂ ಇರಬೇಕು ಅಂದುಕೊಂಡೆವು.

ಈಗ ಕಾಯಿಲೆಯ ಹೆಸರು. ಕನ್ನಡದಲ್ಲಿ ‘ತೊನ್ನು’ ಇದೆ. ಎಲ್ಲರಿಗೂ ಗೊತ್ತಿರುವ, ಚಿಕ್ಕದಾದ, ಅಚ್ಚಕನ್ನಡದ ಪದ. ಆದರೂ ಬರೆಯಲು ಕೈ ಹಿಂಜರಿಯುತ್ತದೆ. ‘ತೊನ್ನ’ ಅಂದರೆ ಬೈಗುಳ. ಊರಕಡೆ ತೊನ್ನನ್ನೂ ಕುಷ್ಠವನ್ನೂ ಬೆರೆಸಿ ಮಾತಾಡುವುದುಂಟು. ಅಂಟುರೋಗ ಅಲ್ಲವೇ ಅಲ್ಲ, ಆದರೂ ಸಂಬಂಧ ಮುರಿದುಹೋಗುತ್ತದೆ. ‘ಬಿಳಿ ಮಚ್ಚೆ’ ಮೃದುವಾಗಿದೆ, ಆದರೆ ಮಗುವಿನ ಕೆನ್ನೆಯ ಮೇಲಿನ ಸಣ್ಣ ಕಲೆಗೂ ಅದನ್ನೇ ಅನ್ನುತ್ತೇವೆ. ‘ಚಿಬ್ಬು’ ಬೇರೆಯೇ, ಅದು ಬೂಷ್ಟಿನಿಂದ ಬರುವಂಥದ್ದು. ಸಂಸ್ಕೃತದ ‘ಶ್ವಿತ್ರ’ ಆಯುರ್ವೇದದವರನ್ನು ಬಿಟ್ಟು ಬೇರೆಯವರಿಗೆ ತಿಳಿಯದು. ‘ವಿಟಿಲಿಗೊ’ ಎಂದು ಹಾಗೇ ಇಟ್ಟರೆ ಯಾರಿಗೂ ನೋವಾಗದು. ಆದರೆ ನಮ್ಮೂರಿನಲ್ಲಿ ಅದೇ ಕಾಯಿಲೆ ಇರುವವರಿಗೆ ಜಾಕ್ಸನ್‌ಗೂ ಇದ್ದದ್ದು ತಮ್ಮದೇ ಕಾಯಿಲೆ ಎಂದು ಗೊತ್ತೇ ಆಗದು. ಅವನು ಸತ್ತ ದಿನವನ್ನೇ, ಜೂನ್ 25ನ್ನು, ವಿಶ್ವ ವಿಟಿಲಿಗೊ ದಿನವನ್ನಾಗಿ ಆಚರಿಸುತ್ತಾರೆ. ಅದನ್ನು ‘ವಿಶ್ವ ತೊನ್ನು ದಿನ’ ಎಂದು ಧೈರ್ಯವಾಗಿ ಬರೆಯಬೇಕು ಎಂಬ ಕಡೆಗೆ ನನ್ನ ಒಲವು. ಬೈಗುಳಕ್ಕೆ ಹೆದರಿ ಒಳ್ಳೆಯ ಪದವನ್ನು ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ಬೈಯುವವರ ಬಾಯಲ್ಲಿ ಮಾತ್ರ ಅದು ಉಳಿಯುತ್ತದೆ. ಆದರೆ ಈ ಕಾಯಿಲೆ ಇರುವವರು, ಮನೆಯಲ್ಲಿ ಕಂಡವರು ಏನಂತಾರೆ ಎನ್ನುವುದೇ ಇಲ್ಲಿ ಮುಖ್ಯ.

ಜನಾಂಗದ ಪದಕ್ಕೆ ಬರೋಣ. ಹಳೆಯ ಪತ್ರಿಕೆಗಳಲ್ಲಿ ‘ನೀಗ್ರೊ ಗಾಯಕ’ ಎಂದು ಇರುತ್ತಿತ್ತು. ಅದನ್ನು ಬಿಡಬೇಕು ಎನ್ನುವುದರಲ್ಲಿ ಜಗಳವಿಲ್ಲ. ‘ಕರಿಯ’ ಒಂದು ವಿಚಿತ್ರ ಪದ. ಕರಿಯಪ್ಪ, ಕರಿಯಮ್ಮ ಎಂದು ದೇವರಿಗೂ ಮಕ್ಕಳಿಗೂ ಹೆಸರಿಟ್ಟ ನಾಡು ನಮ್ಮದು. ಗೆಳೆಯನನ್ನು ‘ಲೋ ಕರಿಯಾ’ ಅಂದರೆ ಸಲುಗೆ. ಬೆಂಗಳೂರಿನಲ್ಲಿ ಓದಲು ಬಂದ ಆಫ್ರಿಕಾದ ಹುಡುಗನಿಗೆ ಅದನ್ನೇ ಅಂದರೆ ಅವಮಾನ. ಹಾಗಾಗಿ ಬರವಣಿಗೆಗೆ ಅದು ಬೇಡ. ‘ಕಪ್ಪು ವರ್ಣೀಯ’ದ ತೊಂದರೆ ಬೇರೆ. ‘ವರ್ಣ’ ಅಂದ ಕೂಡಲೇ ನಮಗೆ ಇನ್ನೇನೋ ನೆನಪಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಬಣ್ಣದ ಮಾತು. ಜಾಕ್ಸನ್ ವಿಷಯದಲ್ಲಿ ಬಣ್ಣದ ಮಾತು ಕೈಕೊಡುತ್ತದೆ. ಅಮೆರಿಕದಲ್ಲಿ ‘ಬ್ಲ್ಯಾಕ್’ ಎನ್ನುವುದು ಮನೆತನ, ಚರಿತ್ರೆ. ಗುಲಾಮರಾಗಿ ಬಂದವರ ಪೀಳಿಗೆ. ಒಂದು ತೊಟ್ಟು ಆಫ್ರಿಕಾದ ರಕ್ತ ಇದ್ದರೂ ಕಪ್ಪು ಎಂದು ಲೆಕ್ಕ ಹಾಕಿದ ಸಮಾಜ ಅದು. ಆದ್ದರಿಂದ ಮೈ ಪೂರ್ತಿ ಬೆಳ್ಳಗಾದ ಮೇಲೂ ಅವನು ಕಪ್ಪು ಜನಾಂಗದವನೇ. ನಾನು ಬಣ್ಣಕ್ಕೆ ‘ಕಪ್ಪು’ ಎಂದೂ, ಜನಕ್ಕೆ ಪ್ರತಿಸಲವೂ ‘ಕಪ್ಪು ಜನಾಂಗ’ ಅಥವಾ ‘ಕಪ್ಪು ಜನ’ ಎಂದೂ ಬೇರೆ ಮಾಡಿ ಬರೆದಿದ್ದೇನೆ. ಓದುವಾಗ ಸ್ವಲ್ಪ ಭಾರ ಅನ್ನಿಸಬಹುದು.

ಇದು ಬರೀ ಪದದ ಚಿಂತೆಯಲ್ಲ. ಅವನ ಸಂಗೀತವನ್ನು ಯಾವ ಕಪಾಟಿನಲ್ಲಿಡಬೇಕು ಎಂಬ ಜಗಳ ಮೊದಲಿಂದಲೂ ಇತ್ತು. ಇಂಡಿಯಾನಾದ ಗ್ಯಾರಿ ಎಂಬ ಉಕ್ಕಿನ ಕಾರ್ಖಾನೆಯ ಊರಲ್ಲಿ 1958ರಲ್ಲಿ ಹುಟ್ಟಿದವನು. ಅಣ್ಣಂದಿರ ಜೊತೆ ಮೋಟೌನ್ ಎಂಬ ರೆಕಾರ್ಡ್ ಕಂಪನಿಯಲ್ಲಿ ಹಾಡಿ ಬೆಳೆದ. 1979ರ ಅವನ ಆಲ್ಬಂ ‘ಆಫ್ ದ ವಾಲ್’ ಅಷ್ಟು ಮಾರಾಟವಾದರೂ ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿಗಳಲ್ಲಿ ಸಿಕ್ಕಿದ್ದು ಆರ್ ಅಂಡ್ ಬಿ ವಿಭಾಗದ ಒಂದೇ ಪ್ರಶಸ್ತಿ. ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಅಂದರೆ ಕಪ್ಪು ಜನರ ಹಾಡಿಗೆ ಕಟ್ಟಿದ ಬೇಲಿ. ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆ 1982ರಲ್ಲಿ ಆ ಬಗೆಯ ಹಾಡುಗಳ ಪಟ್ಟಿಗೆ ನೇರವಾಗಿ ‘ಬ್ಲ್ಯಾಕ್ ಸಿಂಗಲ್ಸ್’ ಅಂತಲೇ ಹೆಸರಿಟ್ಟಿತ್ತು. ಹಾಡಿನ ವಿಡಿಯೊ ತೋರಿಸುವ ಟಿವಿ ಚಾನೆಲ್ ಎಂಟಿವಿ ಶುರುವಾದ ಹೊಸತರಲ್ಲಿ ಕಪ್ಪು ಗಾಯಕರು ಕಾಣಿಸುತ್ತಿದ್ದದ್ದೇ ಅಪರೂಪ. ನಮ್ಮದು ರಾಕ್ ಚಾನೆಲ್ ಎಂಬ ಸಬೂಬು ಬೇರೆ. ಬಿಳಿಯ ಗಾಯಕ ಡೇವಿಡ್ ಬೋವಿಯೇ 1983ರಲ್ಲಿ ಅವರ ಕ್ಯಾಮೆರಾ ಮುಂದೆ ಕೂತು ಯಾಕೆ ಹೀಗೆ ಎಂದು ಕೇಳಿದ್ದ. ಅದೇ ವರ್ಷ ಜಾಕ್ಸನ್‌ನ ‘ಬಿಲೀ ಜೀನ್’ ಹಾಡಿನ ವಿಡಿಯೊ ಅಲ್ಲಿ ಬಂತು. ಅವನ ರೆಕಾರ್ಡ್ ಕಂಪನಿ ಸಿಬಿಎಸ್‌ನವರು ಬೆದರಿಸಿದ್ದರಿಂದ ಹಾಕಿದರು ಎಂದು ಒಂದು ಕಡೆಯವರು, ಹಾಗೇನಿಲ್ಲ ಎಂದು ಚಾನೆಲ್‌ನವರು. ಏನೇ ಇರಲಿ, ಬಾಗಿಲು ತೆರೆಯಿತು. 1984ರಲ್ಲಿ ಒಂದೇ ರಾತ್ರಿ ಎಂಟು ಗ್ರ್ಯಾಮಿ.

ಆದ್ದರಿಂದ ಅವನ ಬಿರುದು ‘ಪಾಪ್ ದೊರೆ’ಯಲ್ಲಿ ಎಲ್ಲರೂ ‘ದೊರೆ’ಯನ್ನು ನೋಡುತ್ತಾರೆ, ನನಗೆ ‘ಪಾಪ್’ ಮುಖ್ಯ. ಆ ಬೇಲಿ ದಾಟಿದವನು ಎಂಬ ಅರ್ಥ ಅದರಲ್ಲಿದೆ. ‘ಪಾಶ್ಚಾತ್ಯ ಸಂಗೀತ ಸಾಮ್ರಾಟ’ ಎಂದು ಬರೆದರೆ ಆ ಅರ್ಥ ಹೋಗುತ್ತದೆ. ಬಿರುದು ಎಲ್ಲರ ಬಾಯಿಗೆ ಬಂದದ್ದು 1989ರಲ್ಲಿ ಚಿತ್ರನಟಿ ಎಲಿಜಬೆತ್ ಟೇಲರ್ ಒಂದು ಪ್ರಶಸ್ತಿ ಸಮಾರಂಭದಲ್ಲಿ ಅವನನ್ನು ಪಾಪ್, ರಾಕ್, ಸೋಲ್ ಮೂರಕ್ಕೂ ನಿಜವಾದ ದೊರೆ ಎಂದು ಕರೆದ ಮೇಲೆ. ಕನ್ನಡದಲ್ಲಿ ಅವನ ಹೆಸರೇ ಒಂದು ಬಿರುದಾಗಿಬಿಟ್ಟಿದೆ, ಅದು ಬೇರೆ ಮಾತು. ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಅವರು ‘ಭಾರತದ ಮೈಕೆಲ್ ಜಾಕ್ಸನ್’ ಆದರು. ಮದುವೆ ಮೆರವಣಿಗೆಯಲ್ಲಿ ಕುಣಿಯುವ ಪ್ರತಿಯೊಬ್ಬ ಸೋದರಮಾವನೂ ಆದ.

ಇಂಗ್ಲೆಂಡಿನ ಅಗ್ಗದ ಪತ್ರಿಕೆಗಳು ಅಂಟಿಸಿದ ಇನ್ನೊಂದು ಹೆಸರು ‘ವ್ಯಾಕೊ ಜ್ಯಾಕೊ’. ಇದನ್ನು ‘ಹುಚ್ಚ ಜ್ಯಾಕೊ’, ‘ತಿಕ್ಕಲು ಜಾಕ್ಸನ್’ ಎಂದೆಲ್ಲ ಕನ್ನಡಿಸಿ ನೋಡಿದೆವು. ಪ್ರಾಸ ಹೋಗುವುದು ದೊಡ್ಡ ನಷ್ಟವಲ್ಲ. ಹೋಗಬಾರದ ಇನ್ನೊಂದಿದೆ. ಲಂಡನ್ನಿನ ಆಡುಮಾತಿನಲ್ಲಿ ‘ಜ್ಯಾಕೊ’ ಅಂದರೆ ಕೋತಿ. 1820ರ ದಶಕದಲ್ಲಿ ಅಲ್ಲಿ ನಾಯಿಗಳ ಜೊತೆ ಕಾದಾಟಕ್ಕೆ ಬಿಡುತ್ತಿದ್ದ ಜ್ಯಾಕೊ ಮಕ್ಯಾಕೊ ಎಂಬ ಹೆಸರಾಂತ ಕೋತಿಯೇ ಇತ್ತು. ಹೆಸರಿಟ್ಟವರ ಮನಸ್ಸಿನಲ್ಲಿ ಅದು ಇತ್ತೋ, ಸುಮ್ಮನೆ ಜಾಕ್ಸನ್ ಎಂಬುದನ್ನು ಮೊಟಕು ಮಾಡಿದರೋ, ವಾದ ಇದೆ. ಆದರೆ ಕಪ್ಪು ಜನರನ್ನು ಕೋತಿಗೆ ಹೋಲಿಸಿದ ಶತಮಾನಗಳ ಹಿನ್ನೆಲೆಯಲ್ಲಿ ಆ ಪದ ಕೇಳಿಸಿಕೊಂಡವರಿಗೆ ಹೇಗನ್ನಿಸಿತು ಎಂಬುದು ಸ್ಪಷ್ಟ. ತನಗೆ ಅದರಿಂದ ನೋವಾಗುತ್ತದೆ ಎಂದು ಜಾಕ್ಸನ್ ಟಿವಿಯಲ್ಲೇ ಹೇಳಿದ್ದ. ಹಾಗಾಗಿ ಇದನ್ನು ಅನುವಾದಿಸದೆ, ಒಂದೇ ಸಲ ಹೇಳಿ, ಅರ್ಥ ಬಿಡಿಸಿ ಮುಂದೆ ಹೋಗೋಣ ಎಂದಿದ್ದೇನೆ.

ನ್ಯಾಯಾಲಯದ ಭಾಗದಲ್ಲಿ ಮಾತ್ರ ಅಭಿಮಾನ ಪದಗಳ ಮೇಲೆ ಸವಾರಿ ಮಾಡಬಾರದು. 2005ರ ಜೂನ್ 13ರಂದು ಮಕ್ಕಳ ಮೇಲಿನ ದೌರ್ಜನ್ಯದ ಮೊಕದ್ದಮೆಯಲ್ಲಿ ಎಲ್ಲ ಆರೋಪಗಳಿಂದ ಅವನ ಬಿಡುಗಡೆಯಾಯಿತು. ಇದಕ್ಕೆ ‘ಖುಲಾಸೆ’ಯೇ ಸಾಕು. ‘ನಿರಪರಾಧಿ ಎಂದು ಸಾಬೀತಾಯಿತು’ ಎಂದು ಬರೆದದ್ದನ್ನು ನಾನು ಹೊಡೆದೆ, ನ್ಯಾಯಾಲಯ ಹಾಗೆ ಸಾಬೀತು ಮಾಡುವುದಿಲ್ಲ. ಹಾಗೆಯೇ 1993ರ ಮೊದಲ ಪ್ರಕರಣದಲ್ಲಿ ‘ದಂಡ ಕಟ್ಟಿದ’ ಎಂದಿದ್ದದ್ದು ‘ಹಣ ಕೊಟ್ಟು ರಾಜಿ ಮಾಡಿಕೊಂಡ’ ಆಗಬೇಕು. ದಂಡ ಹಾಕುವುದು ನ್ಯಾಯಾಲಯ, ರಾಜಿ ಎರಡು ಕಡೆಯವರದು. ಅವನು ಸತ್ತು ಹತ್ತು ವರ್ಷದ ಮೇಲೆ, 2019ರಲ್ಲಿ, ಇನ್ನಿಬ್ಬರು ಸಾಕ್ಷ್ಯಚಿತ್ರವೊಂದರಲ್ಲಿ ಅಂಥದ್ದೇ ಆರೋಪ ಮಾಡಿದರು. ಅದಕ್ಕೂ ‘ಆರೋಪ’ ಎಂಬ ಪದವೇ ಇರಲಿ. ‘ಕಟ್ಟುಕಥೆ’ ಎಂದು ಬರೆಯುವ ಹಕ್ಕು ನಮಗಿಲ್ಲ.

ಕೊನೆಯದಾಗಿ ‘ಅವನು’, ‘ಅವರು’. ಅಭಿಮಾನಿಗಳಿಗೆ ಏಕವಚನವೇ ಪ್ರೀತಿ. ಮೇಲೆ ಉದ್ದಕ್ಕೂ ನಾನೂ ಹಾಗೇ ಬರೆದಿದ್ದೇನೆ. ಆದರೆ ಎಲಿಜಬೆತ್ ಟೇಲರ್ ಅವರಿಗೆ ‘ಕರೆದರು’ ಎಂದೂ ಅದೇ ಸಾಲಿನಲ್ಲಿ ಜಾಕ್ಸನ್‌ಗೆ ‘ಹಾಡಿದ’ ಎಂದೂ ಕರಡಿನಲ್ಲಿ ನೋಡಿದಾಗ ಮುಜುಗರವಾಯಿತು. ಇಬ್ಬರಿಗೂ ಒಂದೇ ಮಾಡಬೇಕು. ಬಹುವಚನ ಹಾಕಿದರೆ ಹಾಡಿನ ಭಾಗವೆಲ್ಲ ಸಂತಾಪ ಸೂಚನೆಯ ಥರ ಓದಿಸುತ್ತದೆ ಎಂದು ಕಿರಿಯರ ದೂರು.

ನನಗೆ ಬೇಕಾದದ್ದು ಇಷ್ಟು. ತೊನ್ನಿಗೆ ನಿಮ್ಮ ಕಡೆ, ಮುಖ್ಯವಾಗಿ ಧಾರವಾಡ, ಕಲಬುರಗಿ, ಕರಾವಳಿಯ ಮನೆಮಾತಿನಲ್ಲಿ, ಬೈಗುಳದ ವಾಸನೆ ಇಲ್ಲದ ಬೇರೆ ಪದ ಇದೆಯೇ? ಬಣ್ಣ ತಾನಾಗಿ ಹೋಗುವುದಕ್ಕೆ ‘ಮಾಸು’, ‘ಬಿಳಿಚು’ ಬಿಟ್ಟು ಬೇರೆ ಕ್ರಿಯಾಪದ ಗೊತ್ತಿದೆಯೇ? ‘ಮಾಸು’ ಬಟ್ಟೆಗೆ ಸರಿ, ‘ಬಿಳಿಚು’ ಹೆದರಿದವರಿಗೆ ಸರಿ. ಮೈಗೆ ಎರಡೂ ಒಗ್ಗುತ್ತಿಲ್ಲ.