ಅಡೇನಿಯಂ ಗಿಡದಲ್ಲಿ ಕಾಯಿ ಕಚ್ಚಿದೆ, ಬೀಜ ಯಾವಾಗ ತೆಗೆಯಬೇಕು? ಸಸಿ ಮಾಡೋದು ಹೇಗೆ?

ಮಹಡಿತೋಟ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಹಡಿ ಮೇಲೆ ಎರಡು ಅಡೇನಿಯಂ (ದಪ್ಪ ಬುಡದ ಮರುಭೂಮಿ ಗುಲಾಬಿ) ಇವೆ. ಒಂದು ಮಾಮೂಲಿ ಗುಲಾಬಿ ಬಣ್ಣದ್ದು, ಐದೆಸಳು. ಇನ್ನೊಂದು ನರ್ಸರಿಯಿಂದ ತಂದ ಕಸಿ ಗಿಡ, ಕಡುಗೆಂಪು, ಸುತ್ತುಸುತ್ತಾಗಿ ಎಸಳು ಬರುತ್ತದಲ್ಲ, ಆ ಥರದ್ದು. ಈ ಸಲ ಮಾಮೂಲಿ ಗಿಡದಲ್ಲಿ ಮೊದಲ ಬಾರಿಗೆ ಕಾಯಿ ಬಂದಿದೆ. ಜೋಡಿ ಕಾಯಿ, ಎತ್ತಿನ ಕೋಡಿನ ಹಾಗೆ ಎರಡು ಕಡೆಗೆ ಚಾಚಿಕೊಂಡಿವೆ. ಇಷ್ಟು ದಿನ ಹಸಿರಾಗಿದ್ದವು, ಈಗ ಒಂದು ಕಾಯಿ ಕಂದು ಬಣ್ಣಕ್ಕೆ ತಿರುಗುತ್ತಿದೆ.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಕಾಯಿಯನ್ನು ಈಗಲೇ ಕೀಳಬಹುದಾ, ಇನ್ನೂ ಕಾಯಬೇಕಾ? ಬೀಜವನ್ನು ಯಾವ ಮಣ್ಣಿಗೆ ಹಾಕಬೇಕು? ಈಗ ಮಾರ್ಚ್ ಕೊನೆ, ನಮ್ಮೂರಲ್ಲಿ ಬಿಸಿಲು ಜೋರಾಗಿದೆ, ಮಳೆಗಾಲದ ತನಕ ಬೀಜ ಇಟ್ಟುಕೊಳ್ಳೋದು ಒಳ್ಳೆಯದಾ? ಇನ್ನೊಂದು, ಕೆಂಪು ಗಿಡ ಪಕ್ಕದಲ್ಲೇ ಇರೋದರಿಂದ ಸಸಿಗಳಲ್ಲಿ ಕೆಂಪು ಹೂ ಬರುವ ಆಸೆ ಇಟ್ಟುಕೊಳ್ಳಬಹುದಾ? ಮನೆಯಲ್ಲಿ ಎರಡು ವರ್ಷದ ಮೊಮ್ಮಗ ಇದ್ದಾನೆ, ಈ ಗಿಡದ ಹಾಲು ವಿಷ ಅಂತ ಯಾರೋ ಹೇಳಿದರು, ಅದೂ ನಿಜಾನಾ ತಿಳಿಸಿ.

ಗಡ್ಡೆಗಿಡದ_ಗೀಳು (ಬೆಂಗಳೂರು)

ಮೇಡಂ, ಮೊದಲು ಹೋಗಿ ಆ ಕಾಯಿಗೆ ದಾರ ಸುತ್ತಿ ಬನ್ನಿ, ಆಮೇಲೆ ಮುಂದಿನದು ಓದಿ. ಕಂದು ತಿರುಗಿದೆ ಅಂದರೆ ಇನ್ನು ಯಾವತ್ತು ಬೇಕಾದರೂ ಸೀಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸೀಳಿತು ಅಂದರೆ ಸಂಜೆ ನೀವು ನೀರು ಹಾಕೋಕೆ ಹೋಗುವಷ್ಟರಲ್ಲಿ ಬೀಜವೆಲ್ಲ ಪಕ್ಕದ ಬೀದಿ ಸೇರಿರುತ್ತದೆ. ಇದು ಕಣಗಿಲೆ, ಎಕ್ಕದ ಕುಟುಂಬದ ಗಿಡ. ಎಕ್ಕದ ಬೀಜಕ್ಕೆ ಒಂದು ತುದಿಯಲ್ಲಿ ಮಾತ್ರ ರೇಷ್ಮೆಯಂಥ ಕೂದಲಿರುತ್ತದೆ, ಅಡೇನಿಯಂ ಬೀಜಕ್ಕೆ ಎರಡೂ ತುದಿಯಲ್ಲಿ. ಗಾಳಿಗೆ ಹಾರುತ್ತದೆ, ನೆಲಕ್ಕೆ ಬಿದ್ದ ಮೇಲೂ ಉರುಳಿಕೊಂಡು ಹೋಗುತ್ತದೆ.

ದಾರವನ್ನು ಕಾಯಿಯ ಉದ್ದಕ್ಕೂ ಮೂರು ನಾಲ್ಕು ಕಡೆ ಸುತ್ತಿ, ಬಿಗಿ ಮಾಡಬೇಡಿ. ಸೊಳ್ಳೆ ಪರದೆ ಬಟ್ಟೆಯ ಚೂರು ಇದ್ದರೆ ಅದರಲ್ಲಿ ಸಣ್ಣ ಚೀಲ ಮಾಡಿ ಕಟ್ಟಿದರೆ ಇನ್ನೂ ನಿಶ್ಚಿಂತೆ. ಈಗಲೇ ಕೀಳಬೇಡಿ. ಹೂವಿನಿಂದ ಕಾಯಿ ಬಲಿಯೋಕೆ ಎರಡು ಮೂರು ತಿಂಗಳು ಬೇಕು, ಎಷ್ಟೋ ಜನ ಕೊನೆಯ ವಾರದಲ್ಲಿ ಅವಸರ ಮಾಡಿ ಹಸಿಕಾಯಿ ಕಿತ್ತುಬಿಡುತ್ತಾರೆ, ಒಳಗಿನ ಬೀಜ ಬೆಳ್ಳಗೆ ಎಳಸಾಗಿರುತ್ತದೆ, ಅದು ಮೊಳೆಯೋದಿಲ್ಲ. ಕಾಯಿಯ ಉದ್ದಕ್ಕೆ ಗೆರೆ ಬಿಟ್ಟು ಬಾಯಿ ತೆರೆಯೋಕೆ ಶುರು ಮಾಡಿದಾಗ ಕತ್ತರಿಸಿ ಒಳಗೆ ತನ್ನಿ. ಫ್ಯಾನ್ ಆಫ್ ಮಾಡಿ ಬಿಡಿಸಿ, ಇದನ್ನು ಮರೆಯಬೇಡಿ!

ಬೀಜ ತೆಗೆದ ಮೇಲೆ ಕೂದಲು ಕಿತ್ತುಬಿಡಿ, ಒದ್ದೆಯಾದರೆ ಅದಕ್ಕೇ ಬೂಷ್ಟು ಹಿಡಿಯೋದು. ಒಂದೆರಡು ದಿನ ನೆರಳಲ್ಲಿ ಆರಲಿ. ಬೆರಳಲ್ಲಿ ಒತ್ತಿ ನೋಡಿ, ಕಂದು ಬಣ್ಣದ ತುಂಬಿದ ಬೀಜ ಗಟ್ಟಿಯಾಗಿ ಸಿಗುತ್ತದೆ. ಚಪ್ಪಟೆಯಾಗಿರೋದು ಜೊಳ್ಳು, ಎಸೆಯಿರಿ.

ಮಳೆಗಾಲಕ್ಕೆ ಇಡಬೇಡಿ. ಈಗಲೇ ಬಿತ್ತಿ. ಮನೆ ಬೀಜಕ್ಕೆ ಇರೋ ದೊಡ್ಡ ಲಾಭವೇ ಅದು ತಾಜಾ ಅನ್ನೋದು. ತಾಜಾ ಬೀಜ ಬೆಚ್ಚನೆಯ ವಾತಾವರಣದಲ್ಲಿ ನಾಲ್ಕೈದು ದಿನಕ್ಕೆ ತಲೆ ಎತ್ತುತ್ತದೆ, ವಾರದಲ್ಲಿ ಬಹುತೇಕ ಎಲ್ಲ ಬಂದಿರುತ್ತವೆ. ತಿಂಗಳುಗಟ್ಟಲೆ ಡಬ್ಬದಲ್ಲಿಟ್ಟ ಬೀಜದಲ್ಲಿ ಆ ಚುರುಕು ಇರಲ್ಲ. ಮೊಳೆಯೋಕೆ 25 ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಖುಷಿ. ನಿಮ್ಮೂರಿನ ಮಾರ್ಚ್ ನೆರಳು ಹೇಳಿ ಮಾಡಿಸಿದ ಹಾಗಿರುತ್ತದೆ.

ಮಣ್ಣು ಬೇಡವೇ ಬೇಡ. ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಪರ್ಲೈಟ್ (ಬಿಳಿ ಬಣ್ಣದ ಹಗುರ ಹರಳು). ಪರ್ಲೈಟ್ ಸಿಗದಿದ್ದರೆ ತೊಳೆದ ದಪ್ಪ ಮರಳು. ಸೀಡ್ಲಿಂಗ್ ಟ್ರೇ ಇಲ್ಲ ಅಂದರೆ ಐಸ್‌ಕ್ರೀಂ ಡಬ್ಬದ ತಳಕ್ಕೆ ತೂತು ಮಾಡಿ. ಬೀಜವನ್ನು ಅಡ್ಡಕ್ಕೆ ಮಲಗಿಸಿ, ಮೇಲೆ ಅರ್ಧ ಸೆಂಟಿಮೀಟರ್ ಮುಚ್ಚಿದರೆ ಸಾಕು. ಬಿತ್ತುವ ಮೊದಲು ಮೂರು ನಾಲ್ಕು ಗಂಟೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಬಹುದು. ಡಬ್ಬವನ್ನು ಪ್ಲಾಸ್ಟಿಕ್ ಕವರ್‌ನಿಂದ ಮುಚ್ಚಿ ನೆರಳಲ್ಲಿಡಿ, ಮೊಳಕೆ ಕಂಡ ತಕ್ಷಣ ಕವರ್ ತೆಗೆಯಿರಿ.

ಕುಂದಾಪ್ರ_ಹಸಿರು

ಮೇಲಿನವರ ಮಾತು ಎಲ್ಲ ಒಪ್ಪಿಗೆ, ಪ್ಲಾಸ್ಟಿಕ್ ಕವರ್ ಒಂದು ಬಿಟ್ಟು. ದಾವಣಗೆರೆಯ ಒಣಗಾಳಿಗೆ ಅದು ಸರಿ ಇರಬಹುದು ಮಾರಾಯ್ರೆ, ಕರಾವಳಿಯವರು ಇದನ್ನು ಓದಿ ಹಾಗೇ ಮಾಡಿದರೆ ಮೂರನೇ ದಿನ ಬೂಷ್ಟು ನೋಡಬೇಕಾಗ್ತದೆ. ನಮ್ಮಲ್ಲಿ ಗಾಳಿಯಲ್ಲೇ ಬೇಕಾದಷ್ಟು ನೀರಿದೆ. ಟ್ರೇ ತೆರೆದೇ ಇಡಿ, ಬೆಳಿಗ್ಗೆ ಒಂದು ಸಲ ಸ್ಪ್ರೇ ಮಾಡಿ, ಸಾಕು. ಕೋಕೋಪೀಟ್ ಕೂಡ ಅರ್ಧ ಬೇಡ, ಕಾಲು ಭಾಗ ಹಾಕಿ. ಅದು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಹಿಡಿದಿಟ್ಟಿರ್ತದೆ, ಬೆರಳು ಹಾಕಿ ನೋಡದೆ ನೀರು ಹಾಕಬೇಡಿ.

ನಿಜ ಹೇಳಬೇಕಂದರೆ ಮೊಳಕೆ ಬರಿಸೋದು ಇದರಲ್ಲಿ ಸುಲಭದ ಕೆಲಸ. ತಾಜಾ ಬೀಜ ಆದರೆ ಹೇಗೆ ಹಾಕಿದರೂ ಬರ್ತದೆ. ಸಸಿ ಸಾಯೋದು ಎರಡನೇ ವಾರದಿಂದ ಆಚೆಗೆ. ನಿನ್ನೆ ನೆಟ್ಟಗೆ ನಿಂತಿದ್ದ ಸಸಿ ಇವತ್ತು ಬುಡದಲ್ಲಿ ಸಣ್ಣಗಾಗಿ, ಕಂದಾಗಿ, ಪಕ್ಕಕ್ಕೆ ಬಿದ್ದಿರ್ತದೆ. ಅದು ಪಿಥಿಯಂ, ರೈಜೋಕ್ಟೋನಿಯಾ ಅನ್ನುವ ಬೂಷ್ಟಿನಂಥ ರೋಗಾಣುಗಳ ಕೆಲಸ. ಒಂದು ಬಿದ್ದರೆ ಪಕ್ಕದ್ದಕ್ಕೂ ಹರಡ್ತದೆ. ಬಿದ್ದ ಸಸಿಯನ್ನು ಸುತ್ತಲಿನ ಕೋಕೋಪೀಟ್ ಸಮೇತ ಕಿತ್ತು ಬಿಸಾಡಿ, ಉಳಿದದ್ದಕ್ಕೆ ಸಾಫ್ ಅನ್ನುವ ಶಿಲೀಂಧ್ರನಾಶಕ ಪುಡಿ 1 ಲೀಟರ್ ನೀರಿಗೆ 1 ರಿಂದ 2 ಗ್ರಾಂ ಕಲಸಿ ಸ್ಪ್ರೇ ಮಾಡಿ. ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಔಷಧಿಗಿಂತ ಜಾಸ್ತಿ ಕೆಲಸ ಮಾಡೋದು ಗಾಳಿ. ಸಸಿಗಳನ್ನು ಒತ್ತೊತ್ತಾಗಿ ಬೆಳೆಸಬೇಡಿ.

ಬಿಸಿಲಿನ ವಿಷಯದಲ್ಲೂ ಒಂದು ಮಾತು. ಪಾಪ ಎಳೆ ಸಸಿ ಅಂತ ತಿಂಗಳುಗಟ್ಟಲೆ ನೆರಳಲ್ಲಿ ಇಟ್ಟರೆ ಉದ್ದಕ್ಕೆ ಸಪೂರವಾಗಿ ಏಳ್ತದೆ, ಬುಡ ದಪ್ಪ ಆಗೋದಿಲ್ಲ, ಆಮೇಲೆ ಎಷ್ಟು ಬಿಸಿಲು ಕೊಟ್ಟರೂ ಆ ರೂಪ ಸುಲಭಕ್ಕೆ ಸರಿಹೋಗೋದಿಲ್ಲ. ಮೊಳಕೆಯ ಬೀಜದಳ ಬಿಟ್ಟು ಎರಡು ನಿಜವಾದ ಎಲೆ ಬಂದ ಮೇಲೆ ಬೆಳಗಿನ ಬಿಸಿಲಿಗೆ ಬಿಡಿ, ನಿಧಾನಕ್ಕೆ ಹೊತ್ತು ಹೆಚ್ಚಿಸಿ.

ಸಲಾಲಾ_ಕನ್ನಡಿಗ

ನಾನು ಇರೋದು ಒಮಾನ್‌ನ ಸಲಾಲಾದಲ್ಲಿ. ಇಲ್ಲಿ ಧೋಫಾರ್ ಬೆಟ್ಟಗಳಲ್ಲಿ ಅಡೇನಿಯಂ ಕಾಡುಗಿಡ. ಊರಲ್ಲಿ ಇದನ್ನು ಕುಂಡದಲ್ಲಿ ನೋಡಿ ಬೆಳೆದವರಿಗೆ ಬಂಡೆ ಸಂದಿಯಿಂದ ಆ ದಪ್ಪ ಬುಡ ಎದ್ದು ನಿಂತಿರೋದನ್ನು ನೋಡಿದರೆ ನಂಬೋದೇ ಕಷ್ಟ. ಯೆಮೆನ್‌ಗೆ ಸೇರಿದ ಸೊಕೊಟ್ರಾ ದ್ವೀಪದಲ್ಲಿ ಇದರ ಬಳಗದ್ದೇ ಇನ್ನೊಂದು ಬಗೆ ಮರದಷ್ಟು ಎತ್ತರ ಬೆಳೆಯುತ್ತದೆ.

ಹೇಳೋಕೆ ಬಂದದ್ದು ನೀರಿನ ಬಗ್ಗೆ. 'ಮರುಭೂಮಿ ಗುಲಾಬಿ' ಅಂತ ಕರೆದು ನಾವು ಇದನ್ನು ಕಳ್ಳಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ, ವಾರಕ್ಕೊಂದು ಚಮಚ ನೀರು ಸಾಕು ಅಂತ. ಇಲ್ಲಿನ ಬೆಟ್ಟಗಳಿಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಖರೀಫ್ ಅನ್ನುವ ಮಳೆಗಾಲ ಇದೆ. ದಿನಗಟ್ಟಲೆ ಮಂಜು, ಜಿನುಗು ಮಳೆ, ಬೆಟ್ಟವೆಲ್ಲ ಹಸಿರು, ನಮ್ಮ ಮಲೆನಾಡೇ ನೆನಪಾಗುತ್ತದೆ. ಆ ಒದ್ದೆಯಲ್ಲಿ ಅಡೇನಿಯಂ ಆರಾಮಾಗಿರುತ್ತದೆ. ಯಾಕೆ? ಅದು ನಿಂತಿರೋದು ಕಲ್ಲಿನ ಇಳಿಜಾರಿನಲ್ಲಿ, ಬಿದ್ದ ನೀರು ನಿಲ್ಲೋದೇ ಇಲ್ಲ. ಬಿಸಿಲು, ಬೆಳವಣಿಗೆ ಎರಡೂ ಇದ್ದಾಗ ಸಸಿಗೆ ನೀರು ಧಾರಾಳವಾಗಿ ಕೊಡಿ, ಆದರೆ ಕುಂಡದ ತಳದಿಂದ ಕೂಡಲೇ ಹರಿದು ಹೋಗಲಿ. ಕೆಳಗೆ ತಟ್ಟೆ ಇಟ್ಟು ಅದರಲ್ಲಿ ನೀರು ನಿಲ್ಲಿಸೋದೊಂದು ಬಿಟ್ಟುಬಿಡಿ. ಏಪ್ರಿಲ್, ಮೇನಲ್ಲಿ ನೀರಿಲ್ಲದೆ ಒಣಗಿಸಿದ ಸಸಿ ಬದುಕುತ್ತದೆ, ಬೆಳೆಯೋದಿಲ್ಲ ಅಷ್ಟೆ.

ಮಹಡಿತೋಟ_ದಾವಣಗೆರೆ

ತುಂಬಾ ಧನ್ಯವಾದ. ದಾರ ಕಟ್ಟಿದ್ದು ಒಳ್ಳೆಯದೇ ಆಯ್ತು, ಒಂದು ಕಾಯಿ ಬಾಯಿ ಬಿಟ್ಟಿದೆ, ದಾರದೊಳಗೇ ಕೂತಿದೆ. ಬೀಜ ಬಿಡಿಸಿ ಆರಲು ಹಾಕಿದ್ದೇನೆ, ಜೊಳ್ಳು ಕಡಿಮೆ ಅನ್ನಿಸುತ್ತದೆ.

ಕೆಂಪು ಹೂವಿನ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. ನನ್ನ ಆಸೆ ನಿಜವಾಗಿ ಅದರ ಮೇಲೇ ಇರೋದು.

ಗಡ್ಡೆಗಿಡದ_ಗೀಳು (ಬೆಂಗಳೂರು)

ಬೇಕಂತಲೇ ಆಮೇಲೆ ಹೇಳೋಣ ಅಂತಿದ್ದೆ ಮೇಡಂ, ಮೊದಲೇ ಹೇಳಿದರೆ ಬೀಜವನ್ನೇ ಬಿತ್ತದೆ ಬಿಡುತ್ತೀರೇನೋ ಅಂತ.

ಬೀಜದ ಗಿಡ ತಾಯಿಯ ಪಡಿಯಚ್ಚು ಆಗಿರಲ್ಲ. ತಾಯಿ ಯಾರು ಅಂತ ನಿಮಗೆ ಗೊತ್ತು, ಪರಾಗ ಎಲ್ಲಿಂದ ಬಂತು ಅನ್ನೋದು ಅದನ್ನು ತಂದ ಹುಳಕ್ಕೇ ಗೊತ್ತು. ಅಡೇನಿಯಂನಲ್ಲಿ ತನ್ನದೇ ಪರಾಗದಿಂದ ಕಾಯಿ ಕಚ್ಚೋದು ಕಡಿಮೆ, ಬೇರೆ ಗಿಡದ ಪರಾಗ ಬಿದ್ದರೆ ಚೆನ್ನಾಗಿ ಕಚ್ಚುತ್ತದೆ. ಹಾಗಾಗಿ ನಿಮ್ಮ ಕೆಂಪು ಗಿಡವೇ ತಂದೆ ಆಗಿರೋ ಸಾಧ್ಯತೆ ಇದೆ, ಪಕ್ಕದ ಮನೆಯ ಗಿಡವೂ ಇರಬಹುದು. ಕೆಂಪೇ ತಂದೆ ಆಗಿದ್ದರೂ ಸಸಿಗಳು ಒಂದೊಂದೂ ಒಂದೊಂದು ಥರ ಬರುತ್ತವೆ. ಕೆಲವು ಗುಲಾಬಿ, ಕೆಲವು ನಡುವಿನ ಬಣ್ಣ, ಹೆಚ್ಚಿನವು ಐದೆಸಳೇ ಇರಬಹುದು. ಮೊದಲ ಹೂವಿಗೆ ಒಂದರಿಂದ ಎರಡು ವರ್ಷ ಕಾಯಬೇಕು, ಕೆಲವು ಬೇಗನೂ ಬಿಡುತ್ತವೆ.

ನನ್ನ ಕೇಳಿದರೆ ಬೀಜದಿಂದ ಬೆಳೆಸೋದು ಹೂವಿನ ಬಣ್ಣಕ್ಕಲ್ಲ, ಬುಡಕ್ಕೆ. ಕೊಂಬೆ ನೆಟ್ಟು ಬೆಳೆಸಿದ ಗಿಡಕ್ಕೆ ಬೀಜದ ಗಿಡದಷ್ಟು ಚೆಂದದ ದಪ್ಪ ಬುಡ ಬರಲ್ಲ. ನೀವು ನರ್ಸರಿಯಲ್ಲಿ ದುಡ್ಡು ಕೊಟ್ಟು ತಂದ ಕಸಿ ಗಿಡದ ಕೆಳಭಾಗ ಇದೆಯಲ್ಲ, ಅದೂ ಯಾರೋ ಬೀಜದಿಂದ ಬೆಳೆಸಿದ ಸಸಿಯೇ. ಅಲ್ಲೇ ನಿಮ್ಮ ಕೆಂಪಿಗೆ ದಾರಿ ಇದೆ. ಸಸಿಯ ಕಾಂಡ ಪೆನ್ಸಿಲ್ ದಪ್ಪ ಆದ ಮೇಲೆ ಮೇಲ್ಭಾಗ ಕತ್ತರಿಸಿ, ನಡುವೆ ವಿ ಆಕಾರದಲ್ಲಿ ಸೀಳಿ, ಅದೇ ದಪ್ಪದ ಕೆಂಪು ಗಿಡದ ಕುಡಿಯನ್ನು ಬೆಣೆ ಥರ ಚೂಪು ಮಾಡಿ ಕೂರಿಸಿ ಕಸಿ ಟೇಪ್ ಸುತ್ತಬೇಕು, ಮೇಲೆ ಸಣ್ಣ ಪ್ಲಾಸ್ಟಿಕ್ ಕವರ್, ಎರಡು ಮೂರು ವಾರ ನೆರಳು. ಬ್ಲೇಡ್ ಹೊಸದಿರಲಿ. ಹೂ ಬಿಟ್ಟು ಇಷ್ಟವಾದ ಸಸಿಯನ್ನು ಹಾಗೇ ಉಳಿಸಿಕೊಳ್ಳಿ, ಮಿಕ್ಕವಕ್ಕೆ ಕಸಿ ಮಾಡಿ.

ಮುಂದಿನ ಸಲ ತಂದೆ ಯಾರು ಅಂತ ನೀವೇ ತೀರ್ಮಾನ ಮಾಡಬೇಕು ಅಂದರೆ ಕೈಯಲ್ಲೇ ಪರಾಗ ಹಾಕಬಹುದು. ಹೂವಿನ ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಕೇಸರಗಳು ಒಟ್ಟಿಗೆ ಸೇರಿ ಶಂಕುವಿನ ಹಾಗೆ ಮುಚ್ಚಿಕೊಂಡಿರುತ್ತವೆ. ಪರಾಗ ಅದರೊಳಗೆ ಇರುತ್ತದೆ, ಹೊರಗಿಂದ ಕಾಣಲ್ಲ. ತೆಳು ಬ್ರಷ್ಷಿನಿಂದ ತೆಗೆದು ಇನ್ನೊಂದು ಗಿಡದ ಹೂವಿನಲ್ಲಿ ಆ ಶಂಕುವಿನ ಬುಡದ ಸಂದಿಗೆ ಮುಟ್ಟಿಸಬೇಕು. ಮೇಲ್ಗಡೆ ಸವರಿದರೆ ಪ್ರಯೋಜನ ಇಲ್ಲ. ತಾಳ್ಮೆ ಬೇಡುವ ಕೆಲಸ, ಬೆಳಿಗ್ಗೆ ಹೊಸದಾಗಿ ಅರಳಿದ ಹೂವಿನಲ್ಲಿ ಮಾಡಿ.

ಅಂದ ಹಾಗೆ, ಆನ್‌ಲೈನ್‌ನಲ್ಲಿ ನೀಲಿ ಅಡೇನಿಯಂ ಬೀಜ ಅಂತ ಫೋಟೋ ಹಾಕಿ ಮಾರುತ್ತಾರೆ. ಅಂಥದ್ದೊಂದು ಇಲ್ಲವೇ ಇಲ್ಲ. ಯಾರೂ ಸುಮ್ನೆ ದುಡ್ಡು ಕಳ್ಕೋಬೇಡಿ.

ಕೈತೋಟ_ಅಜ್ಜಿ (ಮೈಸೂರು)

ಮೊಮ್ಮಗನ ವಿಷಯ ಎಲ್ಲರೂ ಮರೆತೇ ಬಿಟ್ಟಿರಲ್ಲ! ಹಾಲು ವಿಷ ಹೌದಮ್ಮ. ಕಣಗಿಲೆಯಲ್ಲಿ ಇರುವಂಥದ್ದೇ, ಹೃದಯದ ಬಡಿತ ಕೆಡಿಸುವ ವಿಷ. ಆಫ್ರಿಕಾದಲ್ಲಿ ಬೇಟೆಯವರು ಇದನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಮುಟ್ಟಿದ ಮಾತ್ರಕ್ಕೆ ಏನೂ ಆಗಲ್ಲ ಅಂತ ಉಡಾಫೆ ಮಾಡಬೇಡಿ, ಕೊಂಬೆ ಕತ್ತರಿಸಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಗೊತ್ತಾಗುತ್ತೆ. ಹಾಗಂತ ಗಿಡ ಕಿತ್ತು ಎಸೆಯೋದೂ ಬೇಡ. ಕುಂಡ, ಸಸಿ ಟ್ರೇ ಎರಡೂ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಇರಲಿ. ಆರಲು ಹಾಕಿದ ಬೀಜವನ್ನು ಅಡುಗೆಮನೆ ತಟ್ಟೆಯಲ್ಲಿ ಇಡಬೇಡಿ, ಜೀರಿಗೆ ಡಬ್ಬದ ಹತ್ತಿರವಂತೂ ಬೇಡವೇ ಬೇಡ. ಮಗು ಎಲೆಯನ್ನೋ ಬೀಜವನ್ನೋ ಬಾಯಿಗೆ ಹಾಕಿಕೊಂಡಿತು ಅಂದರೆ ಮನೆಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಇನ್ನೊಂದು, ಹಸಿರು ಬಣ್ಣದ ದಪ್ಪ ಹುಳ ಬರುತ್ತೆ, ತಲೆಯ ಹತ್ತಿರ ನೀಲಿ ಕಣ್ಣಿನಂಥ ಎರಡು ಚುಕ್ಕೆ. ಕಣಗಿಲೆ, ನಂದಿಬಟ್ಟಲಿಗೂ ಅದೇ ಬರೋದು, ವಿಷ ಅದಕ್ಕೆ ಲೆಕ್ಕಕ್ಕಿಲ್ಲ. ಒಂದೇ ರಾತ್ರಿಯಲ್ಲಿ ಸಸಿಯ ಎಲೆಯೆಲ್ಲ ಖಾಲಿ ಮಾಡುತ್ತೆ. ಸಂಜೆ ಟಾರ್ಚ್ ಹಿಡಿದು ಎಲೆ ಕೆಳಗೆ ನೋಡಿ, ಸಿಕ್ಕರೆ ಕಡ್ಡಿಯಲ್ಲಿ ತೆಗೆದು ಹಾಕಿ. ಕುಡಿಯಲ್ಲಿ ಹಳದಿ ಹೇನು ಕಂಡರೆ ನೀರನ್ನು ಜೋರಾಗಿ ಚಿಮ್ಮಿಸಿದರೆ ಅರ್ಧ ಹೋಗುತ್ತೆ, ಉಳಿದದ್ದಕ್ಕೆ ಬೇವಿನೆಣ್ಣೆ.

ಮಹಡಿತೋಟ_ದಾವಣಗೆರೆ

ಬೀಜ ಈಗಾಗಲೇ ಅಟ್ಟದ ಮೇಲೆ ಹೋಯ್ತು ಅಮ್ಮ. ಕೊನೆಯದಾಗಿ ಒಂದು, ಟ್ರೇಯಿಂದ ಕುಂಡಕ್ಕೆ ಯಾವಾಗ ಬದಲಾಯಿಸಬೇಕು?

ಕುಂದಾಪ್ರ_ಹಸಿರು

ಆರೇಳು ಎಲೆ ಬಂದು ಬುಡ ಉಬ್ಬಿದ್ದು ಕಣ್ಣಿಗೆ ಕಾಣುವಾಗ, ಸುಮಾರು ಎರಡರಿಂದ ಮೂರು ತಿಂಗಳಿಗೆ. ನಾಲ್ಕಿಂಚಿನ ಕುಂಡ ಸಾಕು, ಈಗಲೇ ದೊಡ್ಡದರಲ್ಲಿ ಹಾಕಿದರೆ ಮಣ್ಣು ಒಣಗೋದಿಲ್ಲ. ಮರಳು, ಇಟ್ಟಿಗೆ ಚೂರು ಜಾಸ್ತಿ, ಎರೆಗೊಬ್ಬರ ಸ್ವಲ್ಪ, ಒಂದು ಹಿಡಿ ಬೇವಿನ ಹಿಂಡಿ. ಕೀಳುವಾಗ ಬೇರು ತುಂಡಾದರೆ ಒಂದೆರಡು ದಿನ ನೆರಳಲ್ಲಿ ಗಾಯ ಒಣಗಿಸಿ ಆಮೇಲೆ ನೆಡಿ, ನೆಟ್ಟ ಮೇಲೂ ಎರಡು ಮೂರು ದಿನ ನೀರು ಬೇಡ. ದಪ್ಪ ಬುಡವನ್ನು ಮಣ್ಣಿನಿಂದ ಮೇಲೆತ್ತಿ ತೋರಿಸುವ ಆಸೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಪ್ರತಿ ಸಲ ಕುಂಡ ಬದಲಿಸುವಾಗ ಸ್ವಲ್ಪ ಸ್ವಲ್ಪವೇ ಮೇಲೆತ್ತಬೇಕು. ನಿಮ್ಮ ಲೆಕ್ಕಕ್ಕೆ ಜೂನ್, ಜುಲೈಗೆ ಕುಂಡ ಬದಲಿಸುವ ಕೆಲಸ ಬರ್ತದೆ, ಮಳೆ ನೇರ ಬೀಳದ ಹಾಗೆ ಶೀಟ್ ಕೆಳಗೆ ಜಾಗ ಈಗಲೇ ನೋಡಿಟ್ಟುಕೊಳ್ಳಿ. ಮತ್ತೆ ಡಿಸೆಂಬರ್ ಚಳಿಗೆ ಎಲೆ ಉದುರಿಸಿದರೆ ಗಾಬರಿಯಾಗಿ ನೀರು ಸುರಿಯಬೇಡಿ, ಬುಡ ಒತ್ತಿ ನೋಡಿ, ಗಟ್ಟಿ ಇದ್ದರೆ ಗಿಡ ಚೆನ್ನಾಗಿಯೇ ಇದೆ.