ತಮ್ಮನಿಗೆ ಗೊಮೋರ್ ಬಂದಿದೆ: ಕ್ಷಮೆ ಕೇಳಿ ಮುಗಿಸಬೇಕಾ, ಉತ್ತರ ಕೊಡಬೇಕಾ?

ಸುಧಾ: ನನ್ನ ತಮ್ಮ ಅಮೆರಿಕದ ಸೇನೆಯಲ್ಲಿ ಸಾರ್ಜೆಂಟ್. ಸೇರಿ 7 ವರ್ಷ ಆಯ್ತು. ಮೊನ್ನೆ ಜನರಲ್ ಒಬ್ಬರ ಸಹಿ ಇರುವ ರೆಪ್ರಿಮಾಂಡ್ ಮೆಮೊ, ಅಂದರೆ ಛೀಮಾರಿ ಪತ್ರ, ಕೈಗೆ ಬಂದಿದೆ. ಅಲ್ಲಿ ಅದಕ್ಕೆ 'ಗೊಮೋರ್' ಅಂತಾರೆ. ಗಾಡಿ ನೋಡದೇ ತಪಾಸಣೆ ಹಾಳೆಗೆ ಸಹಿ ಹಾಕಿದ ಅನ್ನೋದು ಆರೋಪ. ಉತ್ತರಕ್ಕೆ 7 ದಿನ ಕೊಟ್ಟಿದ್ದಾರೆ. "ಕ್ಷಮೆ ಕೇಳಿ ಬರೆದುಕೊಡು, ಇಲ್ಲಿಗೇ ಮುಗಿಯುತ್ತೆ" ಅಂತ ಮೇಲಿನವರು ಹೇಳಿದ್ದಾರೆ. ಅವನೂ ಹಾಗೇ ಮಾಡ್ತೀನಿ ಅಂತಿದ್ದಾನೆ. ರಾತ್ರಿ ನಿದ್ದೆ ಬರ್ತಿಲ್ಲ.

ಹಳೇಬೂಟು: ಮುಗಿಯಲ್ಲ ಮೇಡಂ. ನಾನು ಅದೇ ಸೇನೆಯಲ್ಲಿ ಇದ್ದವನು. ಆ ಮೆಮೊ ಯೂನಿಟ್ ಫೈಲಿನಲ್ಲೇ ಉಳಿದರೆ ದೊಡ್ಡ ತೊಂದರೆ ಇಲ್ಲ. ಖಾಯಂ ದಾಖಲೆಗೆ ಸೇರಿದರೆ ಮುಂದಿನ ಬಡ್ತಿ ಬೋರ್ಡಿನ ಕಣ್ಣಿಗೆ ಬೀಳುತ್ತೆ. ಎರಡರಲ್ಲಿ ಯಾವುದು ಅಂತ ಜನರಲ್ ತೀರ್ಮಾನಿಸೋದು ಇವನ ಉತ್ತರ ಓದಿದ ಮೇಲೆ. ಅಂದರೆ ಆ 7 ದಿನವೇ ಮುಖ್ಯ. ಮೆಮೊ ಸಿಕ್ಕಿತು ಅಂತ ಸಹಿ ಹಾಕಿದರೆ ತಪ್ಪು ಒಪ್ಪಿದ ಹಾಗಲ್ಲ. ಆದರೆ ಅದರ ಕೆಳಗೆ "ಉತ್ತರ ಕೊಡುವುದಿಲ್ಲ" ಅನ್ನೋ ಸಾಲು ಇದ್ದರೆ ಅದಕ್ಕೆ ಗುರುತು ಹಾಕೋದು ಬೇಡ.

ರಘು: ನನಗೆ ಬೇರೆ ಅನಿಸುತ್ತೆ. ಇದು ಕೇಸಲ್ಲ, ಆಡಳಿತದ ಕ್ರಮ. ಜೈಲಿಲ್ಲ, ದಂಡವಿಲ್ಲ. ಪ್ರತಿಯೊಂದಕ್ಕೂ ವಕೀಲರನ್ನು ಕರೆದರೆ ಕಮಾಂಡರ್ ಶಿಸ್ತು ಕಾಪಾಡೋದು ಹೇಗೆ? ತಪಾಸಣೆ ಆಗದ ಗಾಡಿಯ ಬ್ರೇಕ್ ಹೋದರೆ ಹುಡುಗರ ಜೀವ ಹೋಗುತ್ತೆ.

ವೀಣಾ: ರಘು ಅವರೇ, ಬ್ರೇಕ್ ಮಾತು ನೂರಕ್ಕೆ ನೂರು ಸರಿ. ಆದರೆ 'ಕೇಸಲ್ಲ' ಅಂತ ಹಗುರವಾಗಿ ತಗೊಳ್ಳೋದೇ ಅಪಾಯ. ಕೋರ್ಟ್ ಮಾರ್ಷಲ್‌ನಲ್ಲಿ ಅನುಮಾನಕ್ಕೆ ಜಾಗ ಇಲ್ಲದ ಹಾಗೆ ಸಾಬೀತು ಮಾಡಬೇಕು. ಇಲ್ಲಿ ತಕ್ಕಡಿ ಸ್ವಲ್ಪ ವಾಲಿದರೂ ಸಾಕು. ಸೇನಾ ಕಾನೂನಿನ ಆರ್ಟಿಕಲ್ 15, ಅಂದರೆ ಕೋರ್ಟಿಲ್ಲದೆ ಕಮಾಂಡರೇ ಕೊಡುವ ಶಿಕ್ಷೆ ಆಗಿದ್ದರೆ, ಹಡಗಿನ ಮೇಲೆ ಇರುವವರನ್ನು ಬಿಟ್ಟು ಉಳಿದವರು "ಬೇಡ, ಕೋರ್ಟ್ ಮಾರ್ಷಲ್ಲೇ ಮಾಡಿ" ಅನ್ನಬಹುದು. ಗೊಮೋರ್‌ಗೆ ಆ ದಾರಿ ಇಲ್ಲ. ನಾಳೆ ಇದನ್ನೇ ಹಿಡಿದು ಸೇನೆಯಿಂದ ಕಳಿಸೋ ಪ್ರಕ್ರಿಯೆ ಶುರು ಮಾಡಬಹುದು. ಸೇವೆಯಲ್ಲಿ 6 ವರ್ಷ ದಾಟಿದವನಿಗೆ ವಿಚಾರಣೆಯ ಬೋರ್ಡ್ ಮುಂದೆ ವಾದಿಸುವ ಹಕ್ಕಿದೆ, ನಿಜ. ಆದರೆ ಕಳಿಸುವಾಗ 'ಆನರಬಲ್' (ಗೌರವದ ಬಿಡುಗಡೆ) ಬದಲು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಜನರಲ್' ಡಿಸ್ಚಾರ್ಜ್ ಬಂದರೆ, ಸೈನಿಕರಿಗೆ ಸರ್ಕಾರ ಕೊಡುವ 9/11ರ ನಂತರದ ಜಿಐ ಬಿಲ್ಲಿನ ಓದಿನ ಹಣ ಕೈತಪ್ಪುತ್ತೆ.

ಸುಧಾ, ಒಂದು ಕೇಳ್ತೀನಿ. ಅವನು ನಿಜವಾಗಿ ಸಹಿ ಹಾಕಿದ್ದಾನಾ?

ಸುಧಾ: ಇಲ್ಲ. ಹಾಳೆಯಲ್ಲಿ ಬೆಳಿಗ್ಗೆ 10 ಗಂಟೆ ಅಂತಿದೆ. ಆ ಹೊತ್ತಿಗೆ ಅವನು ಹಲ್ಲಿನ ಡಾಕ್ಟರ ಹತ್ತಿರ ಇದ್ದ. ಚೀಟಿ ಕಳಿಸಿದ್ದಾನೆ, ಒಳಗೆ ಹೋಗಿದ್ದು 9:40, ಹೊರಗೆ ಬಂದಿದ್ದು 11:15. ಅವನ ಕೈಕೆಳಗಿನ ಹುಡುಗ ಇವನ ಹೆಸರು ಬರೆದಿದ್ದಾನೆ. ಹುಡುಗನಿಗೆ 19 ವರ್ಷ. "ಅವನ ಹೆಸರು ನನ್ನ ಬಾಯಿಂದ ಬರಲ್ಲ ಅಕ್ಕಾ" ಅಂತಾನೆ ತಮ್ಮ.

ವೀಣಾ: ಹಾಗಾದರೆ ಕ್ಷಮಾಪಣೆ ಪತ್ರ ಖಂಡಿತ ಬೇಡ. ಮಾಡದ್ದನ್ನು ಮಾಡಿದೆ ಅಂತ ಬರೆದು ಸಹಿ ಹಾಕಿದರೆ ಅದೂ ಸುಳ್ಳು ಹೇಳಿಕೆಯೇ. ಆರ್ಟಿಕಲ್ 107ರ ಕೆಳಗೆ ಸುಳ್ಳು ಹೇಳಿಕೆ ಅಪರಾಧ. ಹುಡುಗನ ವಿಷಯ ಏನು ಮಾಡೋದು ಅಂತ ವಕೀಲರ ಹತ್ತಿರ ಮಾತಾಡಲಿ, ಅಲ್ಲಿಯವರೆಗೆ ಯಾರಿಗೂ ಏನೂ ಬರೆದುಕೊಡೋದು ಬೇಡ. ಅಪರಾಧದ ಅನುಮಾನದ ಮೇಲೆ ಸೇನೆಯವರು ಪ್ರಶ್ನೆ ಕೇಳಿದರೆ, ಮಾತಾಡದೇ ಇರುವ ಹಕ್ಕಿದೆ ಅಂತ ಮೊದಲು ತಿಳಿಸಲೇಬೇಕು. ಅದು ಆರ್ಟಿಕಲ್ 31.

ರಘು: ಅವನು ತಪ್ಪು ಮಾಡಿದ್ದಾನೆ ಅಂದುಕೊಂಡು ಬರೆದೆ. ಚೀಟಿ ಇದ್ದರೆ ಮಾತೇ ಬೇರೆ. ಆದರೂ ಸೇನೆಯ ಸಂಬಳದ ವಕೀಲರು ಇವನ ಪರ ನಿಲ್ತಾರಾ? ಹೊರಗಿನವರಿಗೆ ದುಡ್ಡು ಕೊಡೋದೇ ಸರಿ ಅಲ್ವಾ?

ಹಳೇಬೂಟು: ನಿಲ್ತಾರೆ ಸರ್. ಟ್ರಯಲ್ ಡಿಫೆನ್ಸ್ ಸರ್ವಿಸ್‌ನವರು, ಅಂದರೆ ಸೈನಿಕರ ಪರ ವಾದಿಸೋ ಸೇನೆಯ ವಕೀಲರು, ಅವನ ಕಮಾಂಡರ್ ಕೈಕೆಳಗೆ ಇರೋದಿಲ್ಲ. ದುಡ್ಡೂ ಬೇಡ, ಹೇಳಿದ್ದು ಗುಟ್ಟಾಗಿಯೇ ಇರುತ್ತೆ. ಅವರ ಮೇಲೆ ಕೆಲಸ ಜಾಸ್ತಿ, ಅದನ್ನು ಒಪ್ತೀನಿ. ಅದಕ್ಕೇ ಚೀಟಿ, ತಪಾಸಣೆ ಹಾಳೆ, ಅವತ್ತು ಜೊತೆಗಿದ್ದವರ ಹೇಳಿಕೆ ಎಲ್ಲ ಜೋಡಿಸಿಕೊಂಡು ಹೋಗಲಿ. ದಿನ ಸಾಲದಿದ್ದರೆ ಹೆಚ್ಚಿನ ಸಮಯ ಬರವಣಿಗೆಯಲ್ಲೇ ಕೇಳಲಿ. ಮೆಮೊ ಖಾಯಂ ಫೈಲಿಗೆ ಹೋದ ಮೇಲೂ ಮೇಲ್ಮನವಿ ಇದೆ. ಆದರೆ ಹೋದದ್ದನ್ನು ತೆಗೆಸೋದು ಎಷ್ಟು ಕಷ್ಟ ಅಂತ ನಾನು ಕಣ್ಣಾರೆ ನೋಡಿದ್ದೀನಿ.

ಸುಧಾ: ಈಗಷ್ಟೇ ಫೋನ್ ಇಟ್ಟೆ. ಬರೆದಿದ್ದ ಕ್ಷಮಾಪಣೆ ಪತ್ರ ಇನ್ನೂ ಕೊಟ್ಟಿರಲಿಲ್ಲ. ನಾಳೆ 9ಕ್ಕೆ ಡಿಫೆನ್ಸ್ ಆಫೀಸಿಗೆ ಹೋಗ್ತಾನೆ. ಡಾಕ್ಟರ ಚೀಟಿಯ ಅಸಲು ಅವನ ಸಮವಸ್ತ್ರದ ಜೇಬಲ್ಲೇ ಇತ್ತಂತೆ, ಮಡಿಸಿ ಮಡಿಸಿ ಹರಿಯೋ ಹಾಗಾಗಿದೆ. ಪ್ಲಾಸ್ಟಿಕ್ ಕವರಿಗೆ ಹಾಕಿಡು ಅಂದೆ.